ಉಸಿರು ಬಿಡಿಸಿ ಅಳೆಯಬೇಕಾದ ಕವಾಟ

ಕಾಸರಗೋಡಿನ ಎಕೋ (ಹೃದಯದ ಅಲ್ಟ್ರಾಸೌಂಡ್) ಕೋಣೆಯಲ್ಲಿ ಕೆಲಸ ಮಾಡಲು ಮೂರು ಭಾಷೆ ಬೇಕು. ಕನ್ನಡದಲ್ಲಾಗಲಿ, ತುಳುವಿನಲ್ಲಾಗಲಿ, ಮಲಯಾಳದಲ್ಲಾಗಲಿ 'ಉಸಿರು ಹಿಡಿಯಿರಿ' ಅಂದರೆ ಎಲ್ಲರೂ ಮಾಡುವುದು ಒಂದೇ: ಎದೆ ತುಂಬಾ ಎಳೆದುಕೊಂಡು ಹಿಡಿಯುತ್ತಾರೆ. ಹೃದಯದ ಬಲಗಡೆ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಟ್ರೈಕಸ್ಪಿಡ್ ಕವಾಟ ಕಿರಿದಾಗಿದೆಯೇ (ಸ್ಟೆನೋಸಿಸ್) ಅಂತ ಅಳೆಯಲು ಅದು ಆಗುವುದಿಲ್ಲ. ಉಸಿರು ಎಳೆದಾಗ ಬಲಗಡೆಗೆ ರಕ್ತ ಜಾಸ್ತಿ ಬರುತ್ತದೆ, ಗ್ರೇಡಿಯೆಂಟ್ (ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ) ಏರುತ್ತದೆ. ಹಾಗಾಗಿ ನಾನು ಹೇಳುವುದು, 'ಉಸಿರು ಬಿಡಿ, ಪೂರ್ತಿ ಬಿಡಿ, ಅಲ್ಲೇ ನಿಲ್ಲಿಸಿ.' ನಿಲ್ಲಿಸಲು ಆಗದವರಿಗೆ ಸುಮ್ನೆ ಉಸಿರಾಡಲು ಬಿಟ್ಟು, ಕನಿಷ್ಠ 5 ಬಡಿತಗಳ ಸರಾಸರಿ ತೆಗೆಯುತ್ತೇನೆ.

ಅಳೆಯುವ ಮೊದಲು ಕವಾಟವನ್ನು ಕಣ್ಣಿನಿಂದ ನೋಡಿ. ಗಂಟಲಿನ ಸೋಂಕಿನ ನಂತರ ಬರುವ ರುಮ್ಯಾಟಿಕ್ ಕಾಯಿಲೆ ಟ್ರೈಕಸ್ಪಿಡ್ ಒಂದನ್ನೇ ಹಿಡಿಯುವುದು ತೀರಾ ಅಪರೂಪ, ಬಹುತೇಕ ಯಾವಾಗಲೂ ಜೊತೆಗೆ ಎಡಗಡೆಯ ಮೈಟ್ರಲ್ ಕವಾಟವೂ ಇರುತ್ತದೆ. ಮೈಟ್ರಲ್ ಸ್ಟೆನೋಸಿಸ್ ಸಿಕ್ಕಿತು ಅಂತ ಪ್ರೋಬ್ ಕೆಳಗಿಟ್ಟು ಬಿಡಬೇಡಿ. ಬಲಗಡೆ ಎಸಳುಗಳು ದಪ್ಪವಾಗಿ, ತೆರೆಯುವಾಗ ಗುಮ್ಮಟದ ಹಾಗೆ ಉಬ್ಬುತ್ತವೆಯೇ ನೋಡಿ. ಒಂದು ಬಗೆಯ ಗಡ್ಡೆಯಿಂದ ಬರುವ ಕಾರ್ಸಿನಾಯ್ಡ್‌ನಲ್ಲಾದರೆ ಎಸಳುಗಳು ಸೆಟೆದು ಅರ್ಧ ತೆರೆದ ಹಾಗೇ ನಿಂತಿರುತ್ತವೆ. ಪೇಸ್‌ಮೇಕರ್ ತಂತಿ ಇದೆಯೇ ಅಂತಲೂ ನೋಡಿ, ಅದೂ ಕವಾಟಕ್ಕೆ ಅಡ್ಡಿಯಾಗಬಹುದು.

ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಎಲ್ಲರೂ ಒಪ್ಪಿದ ಮೂರು ಮೆಟ್ಟಿಲು ಇಲ್ಲಿ ಸಿಗುವುದಿಲ್ಲ. 2009ರಲ್ಲಿ ಯುರೋಪ್ ಮತ್ತು ಅಮೆರಿಕದ ಎಕೋ ಸಂಘಗಳು ಸೇರಿ ಕೊಟ್ಟ ಮಾರ್ಗಸೂಚಿ ಕೇಳುವುದು ಒಂದೇ ಪ್ರಶ್ನೆ: ಈ ಅಡ್ಡಿ ಲೆಕ್ಕಕ್ಕೆ ಬರುವಷ್ಟಿದೆಯೇ? ಸರಾಸರಿ ಗ್ರೇಡಿಯೆಂಟ್ 5 ಮಿಲಿಮೀಟರ್ ಪಾದರಸ ಅಥವಾ ಜಾಸ್ತಿ, ವಿಟಿಐ (ಒಂದು ಬಡಿತದಲ್ಲಿ ರಕ್ತ ಕ್ರಮಿಸುವ ದೂರ) 60 ಸೆಂಟಿಮೀಟರ್‌ಗಿಂತ ಜಾಸ್ತಿ, ಪ್ರೆಶರ್ ಹಾಫ್ ಟೈಮ್ (ಒತ್ತಡದ ವ್ಯತ್ಯಾಸ ಅರ್ಧಕ್ಕಿಳಿಯಲು ಬೇಕಾದ ಸಮಯ) 190 ಮಿಲಿಸೆಕೆಂಡ್ ಅಥವಾ ಜಾಸ್ತಿ, ಕವಾಟದ ವಿಸ್ತಾರ 1 ಚದರ ಸೆಂಟಿಮೀಟರ್ ಅಥವಾ ಕಡಿಮೆ. ಬಲ ಏಟ್ರಿಯಮ್ (ಮೇಲಿನ ಕೋಣೆ) ಮತ್ತು ಐವಿಸಿ (ಕೆಳಗಿನಿಂದ ಹೃದಯಕ್ಕೆ ಬರುವ ದೊಡ್ಡ ರಕ್ತನಾಳ) ಹಿಗ್ಗಿದ್ದರೆ ಅದು ಒಳ್ಳೆಯ ಸಾಕ್ಷಿ. ಆರೋಗ್ಯದ ಕವಾಟದಲ್ಲಿ ರಕ್ತದ ವೇಗ ಸೆಕೆಂಡಿಗೆ 0.7 ಮೀಟರ್ ದಾಟುವುದೇ ಅಪರೂಪ.

ಗ್ರೇಡಿಯೆಂಟ್ ಅಂದರೆ ಏನು ಅಂತ ಹೊಸ ಹುಡುಗರು ಕೇಳಿದರೆ ಏತಡ್ಕದ ಕಟ್ಟ ನೆನಪಿಸುತ್ತೇನೆ. ಮಳೆ ಮುಗಿದ ಮೇಲೆ ತೋಟದವರು ತೋಡಿಗೆ ಅಡ್ಡ ಕಟ್ಟುವ ಕಟ್ಟ. ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ಎತ್ತರದ ವ್ಯತ್ಯಾಸವೇ ಗ್ರೇಡಿಯೆಂಟ್. ಕಟ್ಟದಲ್ಲಿ ಬಿಟ್ಟ ಕಿಂಡಿ ಅಷ್ಟೇ ಇದ್ದರೂ ತೋಡಿನಲ್ಲಿ ನೀರು ಕಡಿಮೆಯಾದರೆ ಆ ವ್ಯತ್ಯಾಸ ಇಳಿಯುತ್ತದೆ, ಅಲ್ವಾ? ಮೂತ್ರ ಹೋಗುವ ಮಾತ್ರೆ ಜಾಸ್ತಿ ತಗೊಂಡು ಒಣಗಿ ಬಂದವರಲ್ಲಿ ಆಗುವುದೂ ಅದೇ. 3 ಬಂತು ಅಂತ ಸಮಾಧಾನಪಡಬೇಡಿ. ಇನ್ನು ಕವಾಟ ಸೋರುತ್ತಿದ್ದರೆ ಉಲ್ಟಾ, ಹರಿವು ಜಾಸ್ತಿಯಾಗಿ ಗ್ರೇಡಿಯೆಂಟ್ ಏರುತ್ತದೆ.

ನಾನೇ ಒಮ್ಮೆ ಎಡವಿದ್ದೇನೆ. ಪೆರ್ಲ ಕಡೆಯ ಅಡಿಕೆ ತೋಟದ ಅಮ್ಮ, ಬಸ್ಸು ತಡವಾಯಿತು ಅಂತ ಓಡಿ ಬಂದಿದ್ದರು. ಏಟ್ರಿಯಲ್ ಫಿಬ್ರಿಲೇಶನ್ (ಎಎಫ್, ತಾಳ ತಪ್ಪಿದ ಬಡಿತ), ನಾಡಿ 110. ಕಂಡದ್ದರಲ್ಲಿ ಎತ್ತರದ ಒಂದು ಬಡಿತ ಹಿಡಿದು ಗೆರೆ ಎಳೆದೆ, 7 ಬಂತು. 'ಸಿವಿಯರ್' ಅಂತ ಬರೆದೂ ಬಿಟ್ಟೆ. ಡಾಕ್ಟರು ಅವರನ್ನು ಮುಂದಿನ ವಾರ ಮತ್ತೆ ಕಳಿಸಿದರು. ನಾಡಿ 76, ಸರಾಸರಿ 4. ಆ ವಾರ ಪೂರ್ತಿ ಅವರ ಮನೆಯಲ್ಲಿ ಆಪರೇಶನ್ ಮಾತೇ ನಡೆದಿತ್ತಂತೆ. ಈಗ ಓಡಿ ಬಂದವರನ್ನು ಮೊದಲು ಕೂರಿಸುತ್ತೇನೆ. ನಾಡಿ 70-80ರ ಒಳಗಿದ್ದರೆ ಒಳ್ಳೆಯದು.

ಏಪಿಕಲ್ (ಹೃದಯದ ತುದಿಯ ಕಡೆಯ) ನೋಟದಲ್ಲಿ, ರಕ್ತದ ವೇಗ ಅಳೆಯುವ ಕಂಟಿನ್ಯುಯಸ್ ವೇವ್ ಕಿರಣ ಹರಿವಿಗೆ ನೇರವಾಗಿರಲಿ, ಓರೆಯಾದರೆ ವೇಗ ಕಡಿಮೆ ತೋರಿಸುತ್ತದೆ. ಎದೆಮೂಳೆಯ ಪಕ್ಕದ ಪೆರಾಸ್ಟರ್ನಲ್‌ನಿಂದ ಬಲ ವೆಂಟ್ರಿಕಲ್‌ನ ಇನ್‌ಫ್ಲೋ ನೋಟವನ್ನೂ ತೆಗೆಯಿರಿ. ಸ್ವೀಪ್ (ಪರದೆಯಲ್ಲಿ ಗೆರೆ ಓಡುವ ವೇಗ) ಸೆಕೆಂಡಿಗೆ 100 ಮಿಲಿಮೀಟರ್ ಇಡಿ, ಹಾಫ್ ಟೈಮಿನ ಇಳಿಜಾರು ಆಗ ಸರಿಯಾಗಿ ಕಾಣುತ್ತದೆ. ವಿಸ್ತಾರಕ್ಕೆ ಎಲ್‌ವಿಒಟಿಯ (ಎಡ ವೆಂಟ್ರಿಕಲ್‌ನಿಂದ ರಕ್ತ ಹೊರಹೋಗುವ ದಾರಿ) ಸ್ಟ್ರೋಕ್ ವಾಲ್ಯೂಮನ್ನು, ಅಂದರೆ ಒಂದು ಬಡಿತಕ್ಕೆ ಹೊರಬೀಳುವ ರಕ್ತವನ್ನು, ಟ್ರೈಕಸ್ಪಿಡ್ ವಿಟಿಐಯಿಂದ ಭಾಗಿಸಿ. 60 ಮಿಲಿಲೀಟರ್, 65 ಸೆಂಟಿಮೀಟರ್ ಆದರೆ 0.92 ಚದರ ಸೆಂಟಿಮೀಟರ್. ಟ್ರೈಕಸ್ಪಿಡ್ ಜೋರಾಗಿ ಸೋರುತ್ತಿದ್ದರೆ ಈ ಲೆಕ್ಕ ಕವಾಟವನ್ನು ಇದ್ದದ್ದಕ್ಕಿಂತ ಕಿರಿದಾಗಿ ತೋರಿಸುತ್ತದೆ.

ನನ್ನ ರಿಪೋರ್ಟಿನ ಸಾಲು ಈಗ ಹೀಗಿರುತ್ತದೆ: 'ಎಎಫ್, ನಾಡಿ 78, ಉಸಿರು ಬಿಟ್ಟು ನಿಲ್ಲಿಸಿ 5 ಬಡಿತಗಳ ಸರಾಸರಿ, ಗ್ರೇಡಿಯೆಂಟ್ 6, ಸೋರಿಕೆ ಸ್ವಲ್ಪ, ಐವಿಸಿ ಹಿಗ್ಗಿದೆ.'