ಕಡಲಿನಲ್ಲಿ ದಿಕ್ಕು ತಪ್ಪದೆ ಈಜಲು

ಈಜುಕೊಳ ಬಿಟ್ಟು ಕಡಲಿಗೆ ಇಳಿಯುವವರಿಗೆ ಒಂದು ಸಲಹೆ: ಆರೆಂಟು ಸಲ ಕೈಬೀಸಿದ ಮೇಲೊಮ್ಮೆ ಮೊಸಳೆಯಂತೆ ಕಣ್ಣುಗಳನ್ನಷ್ಟೇ ನೀರಿನಿಂದ ಮೇಲೆತ್ತಿ ಗುರಿ ನೋಡಿ, ಉಸಿರನ್ನು ಆಗ ಎಳೆಯದೆ, ಮುಖವನ್ನು ಪಕ್ಕಕ್ಕೆ ಹೊರಳಿಸಿದ ಮೇಲೆ ಎಳೆಯಿರಿ. ಬಾಯಿ ಹೊರಬರುವಷ್ಟು ತಲೆ ಎತ್ತಿದರೆ ಸೊಂಟ, ಕಾಲುಗಳು ಮುಳುಗಿ ವೇಗ ಕುಂದುತ್ತದೆ, ಕತ್ತೂ ನೋಯುತ್ತದೆ. ನೋಡದೆಯೇ ಈಜಿದರೆ, ಕೊಳದಂತೆ ತಳದಲ್ಲಿ ಗೆರೆ ಇಲ್ಲದ ಕಾರಣ, ಹೆಚ್ಚಿನವರು ಅರಿವಿಲ್ಲದೆ ಒಂದು ಬದಿಗೆ ವಾಲುತ್ತಾರೆ. ಗುರಿ ಎತ್ತರದ್ದೂ ಅಲುಗದ್ದೂ ಆಗಿರಲಿ. ಬೇಕಲದ ಕಡಲತೀರದಲ್ಲಾದರೆ ಕೋಟೆಯ ಕೊತ್ತಲಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಲಂಗರು ಹಾಕಿದ ದೋಣಿ ಬೇಡ, ಅದು ಗಾಳಿಗೆ ತಿರುಗುತ್ತಿರುತ್ತದೆ; ತೆಂಗಿನ ಮರವೂ ಬೇಡ, ನಮ್ಮ ಕರಾವಳಿಯಲ್ಲಿ ನೀರಿನಿಂದ ನೋಡಿದರೆ ಎಲ್ಲವೂ ಒಂದೇ. ಅಲೆಗಳಿದ್ದಾಗ ತಗ್ಗಿನಲ್ಲಿ ಏನೂ ಕಾಣದು, ಅಲೆ ಮೇಲೆತ್ತುವ ಕ್ಷಣದಲ್ಲಿ ನೋಡಿ. ಸಂಜೆ ಪಡುವಣಕ್ಕೆ ಮುಖ ಮಾಡಿದರೆ ಬಿಸಿಲು ಕಣ್ಣಿಗೆ ಹೊಡೆದು ಈ ಉಪಾಯ ಫಲಿಸುವುದಿಲ್ಲ. ಚಂದ್ರಗಿರಿ ಹೊಳೆಯ ಅಳಿವೆಯಲ್ಲಂತೂ ಇಳಿತದ ಹೊತ್ತಿಗೆ ಗುರಿ ಸ್ಪಷ್ಟವಾಗಿ ಕಂಡರೂ ಸೆಳೆತ ಕಡಲಿಗೆ ಒಯ್ಯುತ್ತದೆ. ಆ ಹೊತ್ತಿನಲ್ಲಿ ಮತ್ತು ಮಳೆಗಾಲದಲ್ಲಿ ದಯವಿಟ್ಟು ನೀರಿಗೆ ಇಳಿಯಲೇಬೇಡಿ. ಉಳಿದ ದಿನಗಳಲ್ಲೂ ಒಬ್ಬರೇ ಹೋಗಬೇಡಿ, ದೂರಕ್ಕೆ ಕಾಣುವ ಕಿತ್ತಳೆ ಬಣ್ಣದ ಟೊಪ್ಪಿ ಹಾಕಿಕೊಳ್ಳಿ.