ಸೋಪಾ, ಶವರ್ ಜೆಲ್ಲಾ? ಅಂಗಡಿಗೆ ಹೋಗುವ ಮುಂಚೆ ಬೋರ್‌ವೆಲ್ ನೀರು ನೋಡಿ

ಕೋಲಾರ, ಚಿಂತಾಮಣಿ, ಗೌರಿಬಿದನೂರಿನ ಕಡೆ ಬೋರ್‌ವೆಲ್ ನೀರಲ್ಲಿ ಸ್ನಾನ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಪು ಎಷ್ಟು ತಿಕ್ಕಿದರೂ ನೊರೆ ಏಳುವುದಿಲ್ಲ. ಮೈ ಒರೆಸಿಕೊಂಡ ಸ್ವಲ್ಪ ಹೊತ್ತಿಗೆ ಚರ್ಮ ಬಿಗಿಯುತ್ತದೆ, ಮೊಣಕಾಲ ಕೆಳಗೆ ಉಗುರಿನಲ್ಲಿ ಗೀರಿದರೆ ಬಿಳಿ ಗೆರೆ ಬೀಳುತ್ತದೆ, ಬಕೆಟ್ಟಿನ ಒಳಗೆ ಏನು ಮಾಡಿದರೂ ಹೋಗದ ಬಿಳಿ ಪದರ ಕೂತಿರುತ್ತದೆ. ಆಮೇಲೆ ಎಲ್ಲರೂ ಮಾಡುವುದು ಒಂದೇ, ಸೋಪು ಬದಲಾಯಿಸುವುದು. ಒಂದು ತಿಂಗಳು ಬೇವಿನದು, ಇನ್ನೊಂದು ತಿಂಗಳು ಹಾಲಿನದು, ಅದೂ ಆಗದಿದ್ದರೆ ದುಬಾರಿ ಶವರ್ ಜೆಲ್, ಜೊತೆಗೆ ಒಂದು ನೈಲಾನ್ ಜಾಲರಿ ಚೆಂಡು. ದುಡ್ಡು ಸುಮ್ನೆ ಹೋಗುತ್ತದೆ. ಬಹಳ ಮನೆಗಳಲ್ಲಿ ತೊಂದರೆ ಇರುವುದು ನೀರಿನಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

1. ಮೊದಲು ನೀರಿನ ಪರೀಕ್ಷೆ

ಎರಡು ಖಾಲಿ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಮನೆಯ ನಲ್ಲಿ ನೀರು ಅರ್ಧದಷ್ಟು, ಇನ್ನೊಂದರಲ್ಲಿ ಅಷ್ಟೇ ಮಳೆ ನೀರು ತುಂಬಿ. ಮಳೆ ನೀರು ಇಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಸಾಕು. ಸ್ನಾನದ ಸೋಪನ್ನು ಚಾಕುವಿನಲ್ಲಿ ಕೆರೆದು ಎರಡಕ್ಕೂ ಒಂದೊಂದು ಚಿಟಿಕೆ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಶಾಂಪೂ, ಹ್ಯಾಂಡ್‌ವಾಶ್ ಹಾಕಬೇಡಿ, ಅವು ಎರಡರಲ್ಲೂ ನೊರೆ ಕೊಟ್ಟು ನಿಮಗೆ ಏನೂ ಗೊತ್ತಾಗದ ಹಾಗೆ ಮಾಡುತ್ತವೆ.

ಮಳೆ ನೀರಿನಲ್ಲಿ ನೊರೆ ಮೇಲೆದ್ದು ನಿಲ್ಲುತ್ತದೆ. ನಲ್ಲಿ ನೀರು ನೊರೆ ಇಲ್ಲದೆ ಒಡೆದ ಹಾಲಿನ ಥರ ಆಗಿದ್ದರೆ ನಿಮ್ಮದು ಗಡಸು ನೀರು. ನಮ್ಮ ಕಡೆ ನೀರು ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತು, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿಂದ ಮೇಲೆ ಬರುತ್ತದೆ. ಬರುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಹೊತ್ತುಕೊಂಡೇ ಬರುತ್ತದೆ. ಸೋಪು ಈ ಎರಡರ ಜೊತೆ ಸೇರಿ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿಗೆ ಅಂಟುವುದು, ಮೈಮೇಲೆ ಉಳಿದು ತುರಿಕೆ ಕೊಡುವುದು ಇದೇ ಜಿಡ್ಡು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ಇರಬಹುದು ಅನ್ನುವುದು ಭಾರತೀಯ ಮಾನಕ. ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆಯ ವರದಿ ಇದ್ದರೆ ಈ ಅಂಕಿ ಕೇಳಿ ನೋಡಿ.

ಹಂಡೆಯಲ್ಲಿ ಕಾಯಿಸಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಸ್ವಲ್ಪ ನಿಜ. ಹೀಟರ್ ಕಾಯಿಲ್ ಮೇಲೆ ಗಟ್ಟಿಯಾಗಿ ಕೂರುವ ಬಿಳಿ ಪದರ ಅಂದರೆ ಕಾಯಿಸುವಾಗ ನೀರಿನಿಂದ ಬೇರೆಯಾದ ಸುಣ್ಣದ ಅಂಶ, ಆದರೆ ಗಡಸುತನವೆಲ್ಲ ಹೀಗೆ ಹೋಗುವುದಿಲ್ಲ. ಇನ್ನು ಫ್ಲೋರೈಡ್ ವಿಷಯವೇ ಬೇರೆ. ಪಾವಗಡ, ಬಾಗೇಪಲ್ಲಿ ಕಡೆಯವರು ಅದಕ್ಕೆ ಹೆದರುವುದು ಸರಿಯೇ, ಆದರೆ ಅದು ಕುಡಿದರೆ ಬರುವ ತೊಂದರೆ. ಸ್ನಾನಕ್ಕೆ ಆ ಭಯ ಬೇಡ.

ತುಮಕೂರು ನಗರದಲ್ಲಿ ಹೇಮಾವತಿ ನೀರು ಬರುವ ಮನೆಯವರಿಗೆ ಈ ಕಷ್ಟ ಕಡಿಮೆ. ಅಲ್ಲೇ ಪಕ್ಕದ ಬಡಾವಣೆಯಲ್ಲಿ ಬೋರ್‌ವೆಲ್ ನೀರಿದ್ದರೆ ಕಥೆಯೇ ಬೇರೆ. ಮನೆ ಬದಲಾಯಿಸಿದ ಮೇಲೆ ಮಗುವಿನ ಮೈ ಒರಟಾಯಿತು ಅನ್ನುವವರು ಹಳೇ ಮನೆಯ ನೀರನ್ನೂ ಹೊಸ ಮನೆಯ ನೀರನ್ನೂ ಹೀಗೇ ಬಾಟಲಿಯಲ್ಲಿ ಕುಲುಕಿ ನೋಡಬೇಕು.

2. ಸೋಪಿನ ಕವರಿನ ಹಿಂಬದಿ ಓದಿ

ಮುಂದೆ ಇರುವ ಹೂವು, ಹಣ್ಣಿನ ಚಿತ್ರ ಬಿಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಟಿಎಫ್‌ಎಂ ಅಂತ ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಕೊಬ್ಬಿನ ಅಂಶ ಒಟ್ಟು ಎಷ್ಟಿದೆ ಅನ್ನುವ ಲೆಕ್ಕ ಅದು. ಶೇಕಡಾ 76 ಅಥವಾ ಜಾಸ್ತಿ ಇದ್ದರೆ ಗ್ರೇಡ್ 1, 70ರಿಂದ ಗ್ರೇಡ್ 2, 60ರಿಂದ ಗ್ರೇಡ್ 3. ನಮ್ಮ ಮೈಸೂರು ಸ್ಯಾಂಡಲ್ ಗ್ರೇಡ್ 1ರದ್ದು. ‘ಬೇದಿಂಗ್ ಬಾರ್’ ಅಂತ ಬರೆದಿದ್ದರೆ ಅದು ಬೇರೆ ಗುಂಪು, ಅದರಲ್ಲಿ ಟಿಎಫ್‌ಎಂ 40 ಇದ್ದರೂ ನಡೆಯುತ್ತದೆ. ಕೆಲವದರಲ್ಲಿ ಮೃದುವಾದ ಬೇರೆ ಪದಾರ್ಥ ಸೇರಿಸಿ ಅದನ್ನು ಸರಿದೂಗಿಸಿರುತ್ತಾರೆ, ಕೆಲವದರಲ್ಲಿ ಸುಮ್ನೆ ತೂಕಕ್ಕೆ ಪುಡಿ ತುಂಬಿರುತ್ತಾರೆ. ನೀರು ತಾಗಿದ ಕೂಡಲೇ ಮೆತ್ತಗಾಗಿ ಬೇಗ ಕರಗುವ ಸೋಪು ಕಡಿಮೆ ಬೆಲೆಗೆ ಸಿಕ್ಕರೂ ಲಾಭವಿಲ್ಲ.

ಗ್ರೇಡ್ 1 ಆದರೂ ಗಡಸು ನೀರಿನಲ್ಲಿ ಜಿಡ್ಡು ಕಟ್ಟಿಯೇ ಕಟ್ಟುತ್ತದೆ, ಇದನ್ನು ನೆನಪಿಡಿ. ಆದರೆ ಕೊಬ್ಬರಿ ಎಣ್ಣೆಯಿಂದ ಮಾಡಿದ ಸೋಪು ಉಳಿದವಕ್ಕಿಂತ ಚೆನ್ನಾಗಿ ನೊರೆ ಕೊಡುತ್ತದೆ. ಸಮುದ್ರದ ನೀರಿನಲ್ಲೂ ಅದು ನೊರೆ ಬಿಡುತ್ತದೆ, ಹಡಗಿನವರು ಬಳಸುತ್ತಿದ್ದುದು ಅದನ್ನೇ. ತಿಪಟೂರಿನಂಥ ಕೊಬ್ಬರಿ ಮಾರುಕಟ್ಟೆ ಪಕ್ಕದಲ್ಲೇ ಇರುವ ನಮಗೆ ಇದಕ್ಕಿಂತ ಹತ್ತಿರದ ಸರಕು ಯಾವುದಿದೆ ಹೇಳಿ! ಕವರಿನಲ್ಲಿ ‘ಸೋಡಿಯಂ ಕೊಕೊಯೇಟ್’ ಅಂತಿದ್ದರೆ ಕೊಬ್ಬರಿ ಎಣ್ಣೆ ಇದೆ ಅಂತ ಅರ್ಥ. ಬರೀ ಕೊಬ್ಬರಿ ಎಣ್ಣೆಯ ಸೋಪು ಮಾತ್ರ ಒಣ ಚರ್ಮದವರಿಗೆ ಒಗ್ಗುವುದಿಲ್ಲ, ಅವರು ಬೇರೆ ಎಣ್ಣೆಗಳೂ ಬೆರೆತಿರುವುದನ್ನು ಹುಡುಕಲಿ.

ಕ್ರಿಮಿನಾಶಕ ಸೋಪು ದಿನಾ ಬೇಕಾ? ಬೇಡ. ಅಂಥ ಸೋಪುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2016ರಲ್ಲಿ ಕೈ ಮೈ ತೊಳೆಯುವ ಸೋಪುಗಳಿಂದ ತೆಗೆಸಿತು. ಇವು ದಿನಾ ಬಳಸಲು ಸುರಕ್ಷಿತ, ಸಾಮಾನ್ಯ ಸೋಪಿಗಿಂತ ಮೇಲು ಅಂತ ಕಂಪನಿಗಳು ತೋರಿಸಲಿಲ್ಲ ಅನ್ನುವುದೇ ಕಾರಣ.

3. ಶವರ್ ಜೆಲ್ ಯಾರಿಗೆ ಬೇಕು?

ಶವರ್ ಜೆಲ್‌ನಲ್ಲಿ ಸಾಮಾನ್ಯವಾಗಿ ಸೋಪು ಇರುವುದಿಲ್ಲ. ಶಾಂಪೂವಿನಲ್ಲಿರುವಂಥ ನೊರೆಯ ಪದಾರ್ಥ ಇರುತ್ತದೆ, ಅದು ಕ್ಯಾಲ್ಸಿಯಂ ಜೊತೆ ಸೇರಿ ಜಿಡ್ಡಾಗುವುದಿಲ್ಲ. ಬಾಟಲಿ ಪರೀಕ್ಷೆಯಲ್ಲಿ ನೀರು ಪೂರ್ತಿ ಒಡೆದ ಮನೆಗಳಲ್ಲಿ, ಅದರಲ್ಲೂ ವಯಸ್ಸಾದವರು, ಒಣ ಚರ್ಮದವರು, ಇಸುಬು ಇರುವವರು ಇದನ್ನು ಬಳಸುವುದು ಸರಿಯಾದ ಖರ್ಚು. ನಮ್ಮ ಚರ್ಮದ ಪಿಹೆಚ್, ಅಂದರೆ ಹುಳಿ-ಕ್ಷಾರದ ಅಳತೆ, ಸುಮಾರು 5ರ ಆಸುಪಾಸು, ಸ್ವಲ್ಪ ಹುಳಿ. ಸೋಪಿನದು 9, 10, ಅದು ಕ್ಷಾರ. ಬಹಳಷ್ಟು ಜೆಲ್‌ಗಳು ಚರ್ಮಕ್ಕೆ ಹತ್ತಿರ ಇರುತ್ತವೆ. ವಾಸನೆ ಜಾಸ್ತಿ ಇರುವುದನ್ನು ಮಾತ್ರ ಇವರಿಗೆ ತರಬೇಡಿ.

ಜೆಲ್‌ನ ದೊಡ್ಡ ದೋಷ ಅಂದರೆ ಅಳತೆ ತಪ್ಪುತ್ತದೆ. ಮಕ್ಕಳ ಕೈಗೆ ಬಾಟಲಿ ಕೊಟ್ಟರೆ ವಾರದಲ್ಲಿ ಖಾಲಿ. ಜಾಸ್ತಿ ಹಾಕಿದಷ್ಟೂ ತೊಳೆಯಲು ನೀರು ಜಾಸ್ತಿ ಬೇಕು, ಟ್ಯಾಂಕರ್ ತರಿಸಿಕೊಂಡು ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡುವ ಮನೆಗೆ ಅದು ಆಗದ ಮಾತು. ಐದು ರೂಪಾಯಿ ನಾಣ್ಯದಷ್ಟು ಅಗಲ ಹಾಕಿಕೊಂಡರೆ ಮೈಗೆಲ್ಲ ಸಾಕು. ಸೋಪಿನ ರೂಪದಲ್ಲೇ ಬರುವ, ಆದರೆ ಸೋಪು ಇಲ್ಲದ ಬಿಲ್ಲೆಗಳೂ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತವೆ, ‘ಸಿಂಡೆಟ್ ಬಾರ್’ ಅಂತ ಕೇಳಿ. ಗಡಸು ನೀರಿನ ಮನೆಗೆ ನನ್ನ ಮೊದಲ ಆಯ್ಕೆ ಅದೇ, ಚೆಲ್ಲಿ ಹಾಳಾಗುವುದಿಲ್ಲ. ಹೇಮಾವತಿ ನೀರು ಬರುವ, ಚರ್ಮದ ತೊಂದರೆ ಇಲ್ಲದ ಮನೆಗೆ ಒಳ್ಳೆಯ ಸೋಪೇ ಸಾಕು, ಜೆಲ್ ಬೇಕಿಲ್ಲ.

ಎಣ್ಣೆ ಸ್ನಾನಕ್ಕೆ ಸೀಗೆಪುಡಿ, ಅಂಟವಾಳ ಇದ್ದೇ ಇದೆಯಲ್ವಾ. ಅವುಗಳ ನೊರೆ ಸಪೋನಿನ್ ಅನ್ನುವ ಪದಾರ್ಥದ್ದು, ಗಡಸು ನೀರಿನಲ್ಲಿ ಸೋಪಿನ ಹಾಗೆ ಒಡೆಯುವುದಿಲ್ಲ. ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ.

4. ಉಜ್ಜುವುದಕ್ಕೆ ಏನು?

ದಿನದ ಸ್ನಾನಕ್ಕೆ ಕೈ ಸಾಕು. ಬೆನ್ನಿಗೆ ಕೈ ಎಟುಕದವರು ತೆಳ್ಳನೆ ಹತ್ತಿ ಬಟ್ಟೆ ಬಳಸಲಿ, ಅದನ್ನು ಒಗೆದು ಬಿಸಿಲಿಗೆ ಹಾಕಬಹುದು. ಹೊಲದಲ್ಲಿ, ಕ್ವಾರಿಯಲ್ಲಿ ದುಡಿದು ಬಂದವರಿಗೆ, ಬೆವರು ದೂಳು ಕೂತವರಿಗೆ ನಾರು ಬೇಕೆನಿಸುತ್ತದೆ, ತಪ್ಪಿಲ್ಲ, ವಾರಕ್ಕೆ ಎರಡು ಸಲ ಸಾಕು.

ಅಂಗಡಿಯ ನೈಲಾನ್ ಚೆಂಡಿಗಿಂತ ಹೀರೆಕಾಯಿ ನಾರು ಒಳ್ಳೆಯದು. ತುಪ್ಪದ ಹೀರೆ ಇದ್ದರೆ ಇನ್ನೂ ಮೆತ್ತಗೆ. ಒಂದೆರಡು ಕಾಯಿ ಬಳ್ಳಿಯಲ್ಲೇ ಬಲಿತು ಒಣಗಲು ಬಿಡಿ. ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡಬೇಕು. ಆಮೇಲೆ ನೀರಲ್ಲಿ ನೆನೆಸಿ, ಸಿಪ್ಪೆ ಸುಲಿದು, ಬೀಜ ಉದುರಿಸಿ, ತೊಳೆದು ಬಿಸಿಲಲ್ಲಿ ಒಣಗಿಸಿ. ಬೀಜ ಮುಂದಿನ ಸಲಕ್ಕೆ ಎತ್ತಿಡಿ. ನಾರು ಬಚ್ಚಲಲ್ಲೇ ಒದ್ದೆಯಾಗಿ ತೂಗಾಡುತ್ತಿದ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಳಸಿದ ಮೇಲೆ ಹಿಂಡಿ ಹೊರಗೆ ಹಾಕಿ, ತಿಂಗಳಿಗೊಮ್ಮೆ ಹೊಸದು ತೆಗೆಯಿರಿ. ಮುಖಕ್ಕೆ, ಮಕ್ಕಳ ಮೈಗೆ, ಗಾಯ ಅಥವಾ ಮೊಡವೆ ಇರುವ ಕಡೆ ತಾಗಿಸಬೇಡಿ. ಕಲ್ಲು ಹಿಮ್ಮಡಿಗೆ ಮಾತ್ರ.

ಟೊಮೆಟೊ ಕೀಳುವವರ ಕೈಗೆ ಹತ್ತುವ ಹಸಿರು ಮಿಶ್ರಿತ ಕಪ್ಪು ಅಂಟನ್ನು ಕಲ್ಲು, ಬ್ರಷ್ ಹಿಡಿದು ಉಜ್ಜಿ ಚರ್ಮ ಕೆತ್ತಿಕೊಳ್ಳುವುದು ಬೇಡ. ಒಂದು ಹಣ್ಣು ಟೊಮೆಟೊ ಹಿಸುಕಿ ಅಥವಾ ನಿಂಬೆ ಹೋಳು ತಿಕ್ಕಿ ಎರಡು ನಿಮಿಷ ಬಿಟ್ಟು ಸೋಪು ಹಾಕಿ, ಹುಳಿಗೆ ಅಂಟು ಬಿಡುತ್ತದೆ. ಕೈಯಲ್ಲಿ ಗಾಯ ಇದ್ದರೆ ನಿಂಬೆ ಬೇಡ.

ನಾರು, ಟವೆಲ್ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಮನೆಯಲ್ಲಿ ಒಬ್ಬರಿಗೆ ಹುಳುಕಡ್ಡಿ ಬಂದರೆ ಎಲ್ಲರಿಗೂ ಹರಡುವುದು ಹೀಗೇ.

5. ಈಗ ಸ್ನಾನ

ನೀರು ಉಗುರುಬೆಚ್ಚಗಿರಲಿ. ಧನುರ್ಮಾಸದ ಚಳಿಯಲ್ಲಿ ಹಂಡೆಯ ಸುಡುನೀರು ಹಿತವಾಗಿರುತ್ತದೆ ನಿಜ, ಆದರೆ ಚರ್ಮ ಒಡೆಯುವುದೂ ಆಗಲೇ. ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ದಿನಾ ಹಾಕಿ. ಕೈಕಾಲಿಗೆ ಮಣ್ಣು, ಬೆವರು ಇದ್ದ ದಿನ ಹಾಕಿದರೆ ಸಾಕು. ಮಳೆ ನೀರು ಹಿಡಿದಿಟ್ಟವರು ಕೊನೆಯ ಎರಡು ಚೊಂಬು ಅದನ್ನೇ ಹಾಕಿಕೊಂಡರೆ ಉಳಿದ ಜಿಡ್ಡು ಹೋಗುತ್ತದೆ. ಟವೆಲ್‌ನಲ್ಲಿ ತಿಕ್ಕದೆ ಒತ್ತಿ ಒರೆಸಿ, ಮೈ ಇನ್ನೂ ತುಸು ಒದ್ದೆ ಇರುವಾಗಲೇ ಕೈಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಸೋಪು, ಜೆಲ್, ನಾರು ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ, ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಒಂದನ್ನು ಬದಲಾಯಿಸಿ ಎರಡು ಮೂರು ವಾರ ನೋಡಿ. ಅಷ್ಟರಲ್ಲೂ ತುರಿಕೆ ನಿಲ್ಲದಿದ್ದರೆ, ಉಂಗುರದ ಹಾಗೆ ಕೆಂಪಗೆ ಎದ್ದಿದ್ದರೆ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಕ್ರೀಮ್ ಹಚ್ಚದೆ ಚರ್ಮದ ಡಾಕ್ಟರಿಗೆ ತೋರಿಸಿ. ಅಂಥ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇದ್ದರೆ ಹುಳುಕಡ್ಡಿ ಮೇಲ್ನೋಟಕ್ಕೆ ಇಳಿದಂತೆ ಕಂಡು ಆಮೇಲೆ ಇನ್ನೂ ಜಾಸ್ತಿ ಹರಡುತ್ತದೆ.