ತಿರುಗುಮುರುಗು ಹ್ಯಾಂಡಲಿನ ಸೈಕಲ್ ಕಲಿತ ನನ್ನ ಅನುಭವ

"ಮಾಷ್ಟ್ರೇ, ಸರಿ ಇರುವ ಸೈಕಲನ್ನು ಕೆಡಿಸಲಿಕ್ಕೆ ದುಡ್ಡು ಕೊಡುವವರನ್ನು ನಾನು ಇದೇ ಮೊದಲು ನೋಡುವುದು" ಎಂದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ವೆಲ್ಡಿಂಗ್ ಕೆಲಸಗಾರರು ನಕ್ಕರು. ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗುವ ಸೈಕಲನ್ನು ಅಮೆರಿಕದ ಇಂಜಿನಿಯರ್ ಡೆಸ್ಟಿನ್ ಸ್ಯಾಂಡ್ಲಿನ್ 2015ರಲ್ಲಿ ವಿಡಿಯೊ ಮೂಲಕ ತೋರಿಸಿದ್ದರು. ಅದನ್ನು ಓಡಿಸಲು ಅವರಿಗೆ ಎಂಟು ತಿಂಗಳು ಹಿಡಿದಿದ್ದರೆ ಅವರ ಪುಟ್ಟ ಮಗನಿಗೆ ಎರಡು ವಾರ ಸಾಕಾಗಿತ್ತು. ಭೌತವಿಜ್ಞಾನ ಕಲಿಸುವ ನನಗೆ ಇಷ್ಟು ಸರಳವಾದ ಯಂತ್ರಕ್ಕೆ ಎಂಟು ತಿಂಗಳು ಏಕೆ ಬೇಕು ಎಂಬುದೇ ಅರ್ಥವಾಗಿರಲಿಲ್ಲ. ಅದಕ್ಕೇ ಅಂಥದ್ದೊಂದನ್ನು ಮಾಡಿಸಲು ಹೊರಟಿದ್ದೆ.

ಯಂತ್ರ ನಿಜವಾಗಿಯೂ ಸರಳ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಯ ತಲೆಗೆ ಒಂದು ಹಲ್ಲುಚಕ್ರ, ಅದರ ಮುಂದೆ ಬೇರೆಯಾಗಿ ಬೆಸೆದ ಕೊಳವೆಯಲ್ಲಿ ನಿಂತ ಹ್ಯಾಂಡಲಿನ ದಂಡಕ್ಕೆ ಅಷ್ಟೇ ಹಲ್ಲುಗಳ ಇನ್ನೊಂದು. ಒಂದಕ್ಕೊಂದು ಕಚ್ಚಿಕೊಂಡ ಎರಡು ಹಲ್ಲುಚಕ್ರಗಳು ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಹಲ್ಲುಗಳ ಸಂಖ್ಯೆ ಸಮನಾಗಿರುವುದರಿಂದ ಹ್ಯಾಂಡಲ್ ಬಲಕ್ಕೆ ಎಷ್ಟು ತಿರುಗಿತೋ ಮುಂದಿನ ಚಕ್ರ ಎಡಕ್ಕೆ ಅಷ್ಟೇ ತಿರುಗುತ್ತದೆ. ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಲ್ಲುಚಕ್ರಗಳನ್ನು ಹಳೆಯ ಇಪ್ಪತ್ತೆರಡು ಇಂಚಿನ ಸೈಕಲಿಗೆ ಕೂರಿಸಿದೆವು.

ಡಿಸೆಂಬರಿನಲ್ಲಿ ನಮ್ಮ ಕಡೆ ಮನೆಯಂಗಳವೆಲ್ಲ ಒಣಹಾಕಿದ ಅಡಿಕೆಯದ್ದಾದ್ದರಿಂದ ಅಭ್ಯಾಸಕ್ಕೆ ಮನೆಯ ಮೇಲಿನ, ನಾವು ಪದವು ಎನ್ನುವ ಗುಡ್ಡದ ಬಯಲಿಗೆ ಹೋಗಬೇಕಾಯಿತು. ಮುರಕಲ್ಲಿನ ನೆಲ, ಬಿದ್ದರೆ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಮೊದಲ ವಾರ ಎರಡು ಮಾರು ದೂರವನ್ನೂ ದಾಟಲಿಲ್ಲ. ಬಲಕ್ಕೆ ಬೇಕಿದ್ದರೆ ಎಡಕ್ಕೆ ತಿರುಗಿಸು ಎಂದು ಬಾಯಿಯಲ್ಲಿ ಹೇಳಿಕೊಂಡೆ. ತುಳುವಿನಲ್ಲೂ ಮಲೆಯಾಳದಲ್ಲೂ ಹೇಳಿಕೊಂಡೆ. ಪ್ರಯೋಜನವಾಗಲಿಲ್ಲ, ಏಕೆಂದರೆ ನಾನು ಬೀಳುತ್ತಿದ್ದುದು ತಿರುವಿನಲ್ಲಲ್ಲ, ನೇರ ಹೋಗುವಾಗ. ಸೈಕಲ್ ಎಡಕ್ಕೆ ವಾಲಿದೊಡನೆ ಸವಾರ ತನಗೆ ಗೊತ್ತಿಲ್ಲದಂತೆಯೇ ಹ್ಯಾಂಡಲನ್ನು ಎಡಕ್ಕೆ ತುಸು ತಿರುಗಿಸಿ ಚಕ್ರಗಳನ್ನು ತನ್ನ ಭಾರದ ಕೆಳಗೆ ತಂದುಕೊಳ್ಳುತ್ತಾನೆ, ನಾವು ಬ್ಯಾಲೆನ್ಸ್ ಎನ್ನುವುದು ಬಹುಪಾಲು ಇದನ್ನೇ. ನನ್ನ ಸೈಕಲಿನಲ್ಲಿ ಅದೇ ತಿದ್ದುಪಡಿ ಚಕ್ರವನ್ನು ಬಲಕ್ಕೆ ಒಯ್ದು ಎಡಗಡೆಯ ಬೀಳುವಿಕೆಯನ್ನು ಇನ್ನಷ್ಟು ಬೇಗ ಮಾಡುತ್ತಿತ್ತು. ವಾಕ್ಯವೊಂದನ್ನು ಮನಸ್ಸಿನಲ್ಲಿ ಮುಗಿಸುವ ಮೊದಲೇ ನೆಲ ಸಿಗುತ್ತಿತ್ತು.

ಮೂರು ವಾರ ದಂಡವಾದದ್ದು ನನ್ನದೇ ತಪ್ಪಿನಿಂದ. ಹಲ್ಲುಗಳ ನಡುವೆ ಸಡಿಲವಿತ್ತು. ಹ್ಯಾಂಡಲ್ ಬೆರಳಗಲದಷ್ಟು ಅಲುಗಿದ ಮೇಲಷ್ಟೇ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಕೈ ಮಾಡಿದ್ದಕ್ಕೂ ಸೈಕಲ್ ಮಾಡಿದ್ದಕ್ಕೂ ಹೀಗೆ ಅಂತರ ಬಿದ್ದರೆ, ಯಾವುದರಿಂದ ಯಾವುದಾಯಿತೆಂದು ದೇಹಕ್ಕೆ ತಿಳಿಯುವ ದಾರಿಯೇ ಇಲ್ಲ. ಮುಂದಿನ ಕೊಳವೆಯ ಬೆಸುಗೆ ಬಿಡಿಸಿ, ಹಲ್ಲುಗಳು ಬಿಗಿಯಾಗಿ ಕಚ್ಚುವಂತೆ ಹತ್ತಿರಕ್ಕೆ ತಂದು ಮತ್ತೆ ಬೆಸೆಸಿದೆ. ಇಂಥ ಸೈಕಲ್ ಮಾಡಿಸುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ.

ಆಮೇಲೆ ಪೆಡಲುಗಳನ್ನು ಕಳಚಿ, ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟನ್ನು ಇಳಿಸಿ, ಪದವಿನ ಸಣ್ಣ ಇಳಿಜಾರಿನಲ್ಲಿ ಕಾಲಿನಿಂದ ನೂಕಿಕೊಂಡು ಜಾರತೊಡಗಿದೆ. ದಿನಕ್ಕೆ ಇಪ್ಪತ್ತೇ ನಿಮಿಷ. ಸುಸ್ತಾದ ಮೇಲೆ ಹಳೆಯ ಅಭ್ಯಾಸವೇ ಮೇಲೆ ಬರುತ್ತಿತ್ತು. ಆ ನಡುವೆ ನನ್ನ ವಿದ್ಯಾರ್ಥಿಯೊಬ್ಬ, "ಸರ್, ಕೈಗಳನ್ನು ಅಡ್ಡ ಮಾಡಿ ಹಿಡಿಯಿರಿ" ಎಂದ. ಎಡಗೈ ಬಲ ಹಿಡಿಯಲ್ಲಿ, ಬಲಗೈ ಎಡ ಹಿಡಿಯಲ್ಲಿ. ಆಗ ಎಡಗೈಯನ್ನು ಮುಂದಕ್ಕೆ ತಳ್ಳಿದರೆ, ಮಾಮೂಲಿ ಸೈಕಲಿನಲ್ಲಿ ಆಗುವಂತೆಯೇ, ಚಕ್ರ ಬಲಕ್ಕೆ ತಿರುಗುತ್ತದೆ! ಮೈ ಮುದುಡಿಕೊಂಡೇ ಹತ್ತು ಮಾರು ಹೋದೆ. ಹುಡುಗನ ಬುದ್ಧಿಗೆ ಮೆಚ್ಚಿದೆನಾದರೂ ಅದನ್ನು ಮುಂದುವರಿಸಲಿಲ್ಲ, ಕೈ ಅದರಿಂದ ಹೊಸತೇನನ್ನೂ ಕಲಿಯುವುದಿಲ್ಲ.

ಹನ್ನೊಂದನೆಯ ವಾರದ ಒಂದು ಸಂಜೆ, ಇಳಿಜಾರು ಮುಗಿದ ಮೇಲೂ ನಾನು ಬಿದ್ದಿಲ್ಲವೆಂಬುದು ತಡವಾಗಿ ಗಮನಕ್ಕೆ ಬಂತು. ಗಮನಕ್ಕೆ ಬಂದದ್ದೇ ತಡ, ಬಿದ್ದೆ. ಮತ್ತೆ ಹತ್ತು ದಿನಗಳಲ್ಲಿ ಪೆಡಲು ಹಾಕಿ ಪದವನ್ನು ಒಂದು ಸುತ್ತು ಬಂದೆ.

ಆ ಸಂತೋಷದಲ್ಲಿ ಮನೆಗೆ ಬಂದು ಮಾಮೂಲಿ ಸೈಕಲ್ ಹತ್ತಿದವನು ತೆಂಗಿನ ಕಟ್ಟೆಗೆ ಹೋಗಿ ಗುದ್ದಿದೆ. ನಲವತ್ತು ವರ್ಷ ಓಡಿಸಿದ ಸೈಕಲ್ ಕಾಲು ಗಂಟೆ ನನ್ನ ಮಾತು ಕೇಳಲಿಲ್ಲ; ಬಳಿಕ ಒಮ್ಮೆಲೇ, ಯಾವ ಪ್ರಯತ್ನವೂ ಇಲ್ಲದೆ, ನೆಟ್ಟಗಾಯಿತು. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಹೀಗಾಗತೊಡಗಿದ್ದರಿಂದ, ತಿರುಗುಮುರುಗು ಸೈಕಲಿನ ಹಿಡಿಗಳಿಗೆ ಕತ್ತದ ಹಗ್ಗ ಸುತ್ತಿದೆ. ಅಂಗೈಗೆ ಒರಟು ತಾಗಿದರೆ ಇದು, ನುಣುಪು ತಾಗಿದರೆ ಅದು. ಕೆಲವು ದಿನಗಳಲ್ಲಿ ಆ ಗೊಂದಲ ಎರಡು ಮೂರು ತುಳಿತಗಳಿಗೆ ಇಳಿಯಿತು. ಜೂನಿನ ಮಳೆಯಲ್ಲಿ ಹಗ್ಗ ಕೊಳೆತಿತೆಂದು ಬಿಚ್ಚಿ ಎಸೆದು ಹತ್ತಿದ ದಿನ ಗೇಟಿನ ಬಳಿಯೇ ಬಿದ್ದೆ. ಈಗ ಹೊಸ ಹಗ್ಗ ಸುತ್ತಿದ್ದೇನೆ.